ನೋಂದಣಿ ನವೀಕರಣಕ್ಕೆ ಹಾಜರುಪಡಿಸಬೇಕಾದ ಕಾರು ‘ಸೆಲ್ಫ್’ ತೆಗೆದುಕೊಳ್ಳದಿದ್ದಲ್ಲಿ: ವಾಹನ ಮಾಲೀಕರಿಗೆ ಮಾಹಿತಿ

ಸಾರ್ವಜನಿಕರ ಗಮನಕ್ಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳಲ್ಲಿ ಕೆಎ-02 ಮತ್ತು ಕೆಎ-41 ಸರಣಿಯ ಅನೇಕ ಸ್ವಂತ ಬಳಕೆಯ ಕಾರುಗಳು 15 ವರ್ಷಗಳ ಅವಧಿಯನ್ನು ಪೂರೈಸುತ್ತಿವೆ. ಇಂತಹ ಕಾರುಗಳ ಪೈಕಿ ಹಲವು ವಾರದಲ್ಲಿ ಒಂದೆರಡು ದಿನ ಮಾತ್ರ ಬಳಕೆಯಾಗುತ್ತವೆ. ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾದ ದಿನ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ನಿಧಾನವಾಗಿ, ಭಾರವಾಗಿ ತಿರುಗಿ, ಸ್ಟಾರ್ಟ್ ಆಗದೆ ನಿಲ್ಲುವುದು ಸಾಮಾನ್ಯ ತೊಂದರೆ. ಈ ತೊಂದರೆಯ ಕಾರಣವನ್ನು ಕ್ರಮಬದ್ಧವಾಗಿ ಪತ್ತೆ ಹಚ್ಚುವ ಬಗೆಯನ್ನು ವಾಹನ ಮಾಲೀಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಈ ವಿಷಯಕ್ಕೂ ನವೀಕರಣಕ್ಕೂ ಇರುವ ಸಂಬಂಧ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ತಪಾಸಣೆಗೊಳಪಟ್ಟು 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 52ರ ಪ್ರಕಾರ ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳು ಮುಂಚಿತವಾಗಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಅವಧಿ ಮುಗಿದ ನಂತರ ನವೀಕರಣವಾಗುವವರೆಗೆ ಸದರಿ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ.

ಅಂದರೆ, ಕಾರು ಸ್ಟಾರ್ಟ್ ಆಗದೆ ದಿನಾಂಕ ಮೀರಿದಲ್ಲಿ ದುರಸ್ತಿಗಾಗಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದೂ ನಿಯಮಬಾಹಿರವಾಗುತ್ತದೆ. ಇದರ ಜೊತೆಗೆ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಪಡೆಯಲು ಎಂಜಿನ್ ಚಾಲೂ ಇರಲೇಬೇಕು. ಭಾರತ್ ಸ್ಟೇಜ್-4ಕ್ಕಿಂತ ಹಳೆಯ ವಾಹನಗಳಿಗೆ ಈ ಪ್ರಮಾಣಪತ್ರದ ಅವಧಿ 6 ತಿಂಗಳು ಮಾತ್ರ. ಆದುದರಿಂದ 60 ದಿನಗಳ ಅವಧಿ ಆರಂಭವಾದ ಕೂಡಲೇ ಕಾರಿನ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

2. ಮೊದಲು ಲಕ್ಷಣವನ್ನು ಗುರುತಿಸುವುದು

‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ.

(ಅ) ಕೀಲಿ ತಿರುಗಿಸಿದಾಗ ‘ಟಿಕ್’ ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದೇ ಇರುವುದು, ಅಥವಾ ಸದ್ದೇ ಬಾರದಿರುವುದು.
(ಆ) ಎಂಜಿನ್ ಎಂದಿನ ವೇಗದಲ್ಲಿಯೇ ತಿರುಗಿದರೂ ಸ್ಟಾರ್ಟ್ ಆಗದಿರುವುದು. ಇಂಧನ, ಸ್ಪಾರ್ಕ್ ಅಥವಾ ಕಳ್ಳತನ-ನಿರೋಧಕ ಕೀಲಿಯ ವ್ಯವಸ್ಥೆ ಇದಕ್ಕೆ ಕಾರಣವಾಗಿರಬಹುದು.
(ಇ) ಎಂಜಿನ್ ನಿಧಾನವಾಗಿ, ಎಳೆದೆಳೆದು ತಿರುಗಿ ಸ್ಟಾರ್ಟ್ ಆಗದಿರುವುದು.

ಈ ಮಾಹಿತಿಯು ಮೂರನೆಯ ಲಕ್ಷಣಕ್ಕೆ ಸಂಬಂಧಿಸಿದೆ. ಎರಡನೆಯ ಲಕ್ಷಣವಿರುವ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದರೆ ಪ್ರಯೋಜನವಿಲ್ಲ. ಮೂರನೆಯ ಲಕ್ಷಣವಿರುವ ಕಾರಿನ ಪೆಟ್ರೋಲ್ ಪಂಪ್ ಅಥವಾ ಪ್ಲಗ್‌ಗಳನ್ನು ಮೊದಲು ಬದಲಿಸುವುದೂ ವ್ಯರ್ಥ.

3. ನಿಧಾನವಾಗಿ ತಿರುಗಿದರೆ ಎಂಜಿನ್ ಏಕೆ ಸ್ಟಾರ್ಟ್ ಆಗುವುದಿಲ್ಲ?

ಹಿಂದೆ ಕಾರಿನ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಎಂಜಿನ್ ಚಾಲೂ ಮಾಡಲಾಗುತ್ತಿತ್ತು. ಅಂಬಾಸಿಡರ್ ಕಾರಿನಲ್ಲಿಯೂ ಈ ಏರ್ಪಾಡು ಇದ್ದುದನ್ನು ಹಿರಿಯರು ಬಲ್ಲರು. ಅಮೆರಿಕಾದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅಳವಡಿಕೆಯಾಯಿತು. ನಮ್ಮಲ್ಲಿ ‘ಸೆಲ್ಫ್’ ಎಂದೇ ಪರಿಚಿತವಾದ ಈ ಮೋಟಾರು ಗಾತ್ರದಲ್ಲಿ ಚಿಕ್ಕದಾದರೂ ಕೆಲವೇ ಸೆಕೆಂಡುಗಳ ಕಾಲ 100ರಿಂದ 200 ಆಂಪಿಯರ್‌ಗಳಷ್ಟು ವಿದ್ಯುತ್ತನ್ನು ಎಳೆದುಕೊಂಡು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತುಗಳ ವೇಗದಲ್ಲಿ ತಿರುಗಿಸುತ್ತದೆ. ಡೀಸೆಲ್ ಎಂಜಿನ್‌ಗಳಿಗೆ ಇದಕ್ಕೂ ಹೆಚ್ಚಿನ ವಿದ್ಯುತ್ ಬೇಕಾಗುತ್ತದೆ.

ವೇಗ ತಗ್ಗಿದಾಗ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯು ಸಂಕುಚಿತಗೊಂಡು ಉಂಟಾಗುವ ಶಾಖವು ಸಿಲಿಂಡರಿನ ಗೋಡೆಗಳಿಗೆ ಹರಿದುಹೋಗಿ ಇಂಧನ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಟಾರ್ಟರ್ ಮೋಟಾರು ಎಳೆಯುವಾಗ ವೋಲ್ಟೇಜ್ ಅತಿಯಾಗಿ ಕುಸಿದು ಸ್ಪಾರ್ಕ್ ದುರ್ಬಲವಾಗುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಘಟಕವೂ ಕೆಲಸ ನಿಲ್ಲಿಸಬಹುದು. ಹೀಗೆ ನಿಧಾನಗತಿ ಮತ್ತು ಸ್ಟಾರ್ಟ್ ಆಗದಿರುವಿಕೆ ಬಹುತೇಕ ಸಂದರ್ಭಗಳಲ್ಲಿ ಒಂದೇ ಮೂಲದ ಎರಡು ಫಲಗಳು. ನಿಧಾನಗತಿಯ ಕಾರಣ ನಿವಾರಣೆಯಾದಲ್ಲಿ ಸಾಮಾನ್ಯವಾಗಿ ಎಂಜಿನ್ನೂ ಸ್ಟಾರ್ಟ್ ಆಗುತ್ತದೆ.

4. ಬ್ಯಾಟರಿಯ ಜಮಾ-ಖರ್ಚು

ಬ್ಯಾಟರಿಯನ್ನು ಒಂದು ಉಳಿತಾಯ ಖಾತೆಯಂತೆ ಪರಿಗಣಿಸಬಹುದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಲೆಕ್ಕ ಈ ಕೆಳಕಂಡಂತಿರುತ್ತದೆ:

• 150 ಆಂಪಿಯರ್‌ನಂತೆ 3 ಸೆಕೆಂಡುಗಳ ಒಂದು ಸ್ಟಾರ್ಟಿಗೆ ತಗಲುವ ಖರ್ಚು: ಸುಮಾರು 0.125 ಆಂಪಿಯರ್-ಅವರ್.
• 10 ಸೆಕೆಂಡುಗಳಂತೆ ಹತ್ತು ಬಾರಿ ವಿಫಲವಾಗಿ ಸೆಲ್ಫ್ ಹೊಡೆದರೆ: ಸುಮಾರು 4 ಆಂಪಿಯರ್-ಅವರ್.
• 5 ವಾಟ್‌ನ ಒಳದೀಪ ರಾತ್ರಿಯಿಡೀ, ಅಂದರೆ 10 ಗಂಟೆ ಉರಿದರೆ: ಸುಮಾರು 4 ಆಂಪಿಯರ್-ಅವರ್.
• ಎರಡೂ ಹೆಡ್‌ಲೈಟ್ ಉರಿಯುತ್ತ ಉಳಿದರೆ: ಗಂಟೆಗೆ ಸುಮಾರು 10 ಆಂಪಿಯರ್-ಅವರ್. ನಾಲ್ಕು ಗಂಟೆಯೊಳಗೆ ಖಾತೆ ಬರಿದು.
• ಗಡಿಯಾರ, ಅಲಾರಂ, ಸ್ಟೀರಿಯೋ ಮುಂತಾದವು ನಿಂತ ಕಾರಿನಲ್ಲಿಯೂ 50 ಮಿಲಿಆಂಪಿಯರ್ ಎಳೆಯುತ್ತಿದ್ದರೆ: ದಿನಕ್ಕೆ 1.2 ಆಂಪಿಯರ್-ಅವರ್. 15 ದಿನಗಳಲ್ಲಿ 18 ಆಂಪಿಯರ್-ಅವರ್, ಅಂದರೆ ಅರ್ಧಕ್ಕಿಂತ ಹೆಚ್ಚು.

ಈ ಲೆಕ್ಕದಿಂದ ಸ್ಪಷ್ಟವಾಗುವುದೇನೆಂದರೆ, ಸ್ಟಾರ್ಟ್ ಮಾಡುವ ಖರ್ಚು ಅಲ್ಪ. ಕಾರು ನಿಂತಲ್ಲೇ ನಿಲ್ಲುವುದರ ಖರ್ಚು ಅಧಿಕ. ನಮ್ಮ ಮೆಟ್ರೋ ರೈಲು 2014ರಲ್ಲಿ ರಾಜಾಜಿನಗರಕ್ಕೂ, 2015ರಲ್ಲಿ ವಿಜಯನಗರಕ್ಕೂ, 2021ರಲ್ಲಿ ಕೆಂಗೇರಿಗೂ ಬಂದ ನಂತರ ಪ್ರತಿನಿತ್ಯ ಮೆಟ್ರೋದಲ್ಲಿ ಸಂಚರಿಸಿ ಕಾರನ್ನು ಭಾನುವಾರಕ್ಕೆ ಮೀಸಲಿಟ್ಟಿರುವ ಕುಟುಂಬಗಳು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬ್ಯಾಟರಿಗೆ ಗಂಟೆಗೆ 5 ಆಂಪಿಯರ್-ಅವರ್‌ನಂತೆ ಜಮಾ ಆಗುವುದಾದರೆ ಮೇಲಿನ 18 ಆಂಪಿಯರ್-ಅವರ್ ತುಂಬಲು ಮೂರೂವರೆ ಗಂಟೆಗೂ ಹೆಚ್ಚು ಓಡಿಸಬೇಕು. ಬಡಾವಣೆಯೊಳಗೆ ಹತ್ತು ನಿಮಿಷ ಒಂದು ಸುತ್ತು ಹಾಕಿ ಬಂದರೆ ಸಾಲದು. ದೀರ್ಘಕಾಲ ನಿಂತ ಕಾರಿನ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿಸುವುದೇ ಸರಿಯಾದ ಕ್ರಮ.

5. ಪರೀಕ್ಷಾ ಕ್ರಮ

ಪರೀಕ್ಷೆಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಡಿ.ಸಿ. 20 ವೋಲ್ಟ್ ಸ್ಥಾನದಲ್ಲಿ ಇರಿಸಿಕೊಳ್ಳಬೇಕು. ಕಾರು ನ್ಯೂಟ್ರಲ್‌ನಲ್ಲಿರಬೇಕು (ಆಟೋಮ್ಯಾಟಿಕ್ ಕಾರಾದಲ್ಲಿ ‘ಪಾರ್ಕ್’ ಸ್ಥಾನ). ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಒಬ್ಬರು ಕೀಲಿಯ ಬಳಿ, ಮತ್ತೊಬ್ಬರು ಮೀಟರಿನ ಬಳಿ ಇರಬೇಕು. ಸೀರೆಯ ಸೆರಗು, ಸಡಿಲ ತೋಳು, ಕೈಬಳೆ, ಗಡಿಯಾರ ಇತ್ಯಾದಿಗಳು ಫ್ಯಾನ್, ಬೆಲ್ಟ್ ಹಾಗೂ ಬ್ಯಾಟರಿಗೆ ತಾಗದಂತೆ ಎಚ್ಚರ ವಹಿಸಬೇಕು.

ಹಂತ 1: ಕಣ್ಣಿಗೆ ಕಾಣುವುದನ್ನು ನೋಡುವುದು. ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಇದೆಯೇ? ಕ್ಲಾಂಪ್ ಕೈಯಿಂದ ಅಲುಗಾಡಿಸಿದರೆ ತಿರುಗುತ್ತದೆಯೇ? ಹಾಗಿದ್ದಲ್ಲಿ ಮೊದಲು ಋಣ (ಕಪ್ಪು) ಕ್ಲಾಂಪನ್ನು, ನಂತರ ಧನ (ಕೆಂಪು) ಕ್ಲಾಂಪನ್ನು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ ಶುಚಿಗೊಳಿಸಬೇಕು. ಮರುಜೋಡಣೆಯಲ್ಲಿ ಧನ ಮೊದಲು, ಋಣ ಕೊನೆಗೆ. ಬಿಗಿಗೊಳಿಸಿದ ಮೇಲೆ ಸ್ವಲ್ಪ ವ್ಯಾಸಲಿನ್ ಸವರಬಹುದು.

ಹಂತ 2: ನಿಂತ ಸ್ಥಿತಿಯ ವೋಲ್ಟೇಜ್. ಕಾರು ಹಲವು ಗಂಟೆ ನಿಂತ ನಂತರ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಬೇಕು.

• 12.6 ವೋಲ್ಟ್ ಅಥವಾ ಹೆಚ್ಚು: ಪೂರ್ಣ ಚಾರ್ಜ್
• 12.4 ವೋಲ್ಟ್: ಸುಮಾರು ಮುಕ್ಕಾಲು
• 12.2 ವೋಲ್ಟ್: ಸುಮಾರು ಅರ್ಧ
• 12.0 ವೋಲ್ಟ್ ಅಥವಾ ಕಡಿಮೆ: ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ

12.4 ವೋಲ್ಟ್‌ಗಿಂತ ಕಡಿಮೆ ಇದ್ದಲ್ಲಿ ಮುಂದಿನ ಪರೀಕ್ಷೆಗಳಿಗೆ ಹೋಗುವ ಮೊದಲು ಪೂರ್ತಿ ಚಾರ್ಜ್ ಮಾಡಿಸುವುದು ಕಡ್ಡಾಯ. ಅರ್ಧ ಚಾರ್ಜಿನ ಬ್ಯಾಟರಿಯನ್ನಿಟ್ಟುಕೊಂಡು ಇತರ ಭಾಗಗಳ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಹಂತ 3: ಎಂಜಿನ್ ತಿರುಗುವಾಗಿನ ವೋಲ್ಟೇಜ್. ಮೀಟರನ್ನು ಅದೇ ಟರ್ಮಿನಲ್‌ಗಳ ಮೇಲಿಟ್ಟು 5 ಸೆಕೆಂಡು ಸೆಲ್ಫ್ ಹೊಡೆಯಬೇಕು. ಪೂರ್ಣ ಚಾರ್ಜ್ ಆದ ಆರೋಗ್ಯವಂತ ಬ್ಯಾಟರಿಯಲ್ಲಿ ಇದು 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಇಲ್ಲಿ ಸಿಗುವ ಅಂಕಿಯೇ ಮುಂದಿನ ದಾರಿಯನ್ನು ತೋರಿಸುತ್ತದೆ.

(ಅ) ವೋಲ್ಟೇಜ್ 9.6ಕ್ಕಿಂತ ಬಹಳ ಕೆಳಗೆ ಕುಸಿದು ಎಂಜಿನ್ ನಿಧಾನವಾಗಿ ತಿರುಗಿದಲ್ಲಿ: ಒಂದೋ ಬ್ಯಾಟರಿ ಒಳಗಿನಿಂದ ಸವೆದಿದೆ, ಇಲ್ಲವೇ ಸ್ಟಾರ್ಟರ್ ಮೋಟಾರು ಅಥವಾ ಎಂಜಿನ್ ಬಿಗಿಯಾಗಿ ಅತಿ ಹೆಚ್ಚು ವಿದ್ಯುತ್ ಎಳೆಯುತ್ತಿದೆ. ಹಂತ 4ಕ್ಕೆ ಹೋಗುವುದು.
(ಆ) ವೋಲ್ಟೇಜ್ 11ರ ಆಸುಪಾಸಿನಲ್ಲಿಯೇ ಉಳಿದು ಎಂಜಿನ್ ನಿಧಾನವಾಗಿ ತಿರುಗಿದಲ್ಲಿ: ಬ್ಯಾಟರಿ ಕೊಡಲು ಸಿದ್ಧವಿದೆ, ಆದರೆ ವಿದ್ಯುತ್ ಮೋಟಾರಿಗೆ ತಲುಪುತ್ತಿಲ್ಲ. ಹಂತ 5ಕ್ಕೆ ಹೋಗುವುದು.

ಹಂತ 4: ಬೇರೊಂದು ಉತ್ತಮ ಬ್ಯಾಟರಿಯೊಂದಿಗೆ ಹೋಲಿಕೆ. ಅಷ್ಟೇ ಸಾಮರ್ಥ್ಯದ, ಸುಸ್ಥಿತಿಯಲ್ಲಿರುವ ಬ್ಯಾಟರಿಯನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಬೇಕು. ಎಂಜಿನ್ ಎಂದಿನಂತೆ ತಿರುಗಿದಲ್ಲಿ ದೋಷ ಹಳೆಯ ಬ್ಯಾಟರಿಯದ್ದು. ಆಗಲೂ ವೋಲ್ಟೇಜ್ ಕುಸಿದು ನಿಧಾನವಾಗಿಯೇ ತಿರುಗಿದಲ್ಲಿ ಸ್ಟಾರ್ಟರ್ ಮೋಟಾರಿನ ಬುಷ್‌ಗಳು ಸವೆದು ಆರ್ಮೇಚರ್ ಒರೆಸುತ್ತಿರಬಹುದು, ವೈಂಡಿಂಗ್ ಒಳಗೇ ಶಾರ್ಟ್ ಆಗಿರಬಹುದು, ಅಥವಾ ಎಂಜಿನ್ನೇ ಬಿಗಿಯಾಗಿರಬಹುದು.

ಹಂತ 5: ಕೇಬಲ್ ಮತ್ತು ಅರ್ತಿಂಗ್ ಪರೀಕ್ಷೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಟರ್ಮಿನಲ್‌ಗೂ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಭಾಗಕ್ಕೂ ಹಿಡಿದು ಸೆಲ್ಫ್ ಹೊಡೆಯಬೇಕು. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದಲ್ಲಿ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ನಂತರ ಬ್ಯಾಟರಿಯ ಧನ ಟರ್ಮಿನಲ್ ಮತ್ತು ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ ಸೇರುವ ಬೋಲ್ಟ್ ನಡುವೆ ಇದೇ ರೀತಿ ಅಳೆಯಬೇಕು. 0.5 ವೋಲ್ಟ್‌ಗಿಂತ ಹೆಚ್ಚಿದ್ದಲ್ಲಿ ಕೇಬಲ್ ಅಥವಾ ಅದರ ಜೋಡಣೆ ಕೆಟ್ಟಿದೆ. ಎರಡೂ ಸರಿಯಿದ್ದಲ್ಲಿ ಮೋಟಾರಿನ ಕಾರ್ಬನ್ ಬ್ರಷ್‌ಗಳನ್ನು ಹಾಗೂ ಸೊಲೆನಾಯ್ಡ್‌ನ ಸಂಪರ್ಕಗಳನ್ನು ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಬೇಕಾಗುತ್ತದೆ.

ಉದಾಹರಣೆ: ಒಂದು ಕಾರಿನ ನಿಂತ ಸ್ಥಿತಿಯ ವೋಲ್ಟೇಜ್ 12.5. ಸೆಲ್ಫ್ ಹೊಡೆದಾಗ ಬ್ಯಾಟರಿಯಲ್ಲಿ 11.3. ಋಣ ಟರ್ಮಿನಲ್ ಮತ್ತು ಎಂಜಿನ್ ನಡುವೆ 1.6. ಇಲ್ಲಿ ಬ್ಯಾಟರಿಯಾಗಲಿ, ಸೆಲ್ಫ್ ಮೋಟಾರಾಗಲಿ ಕೆಟ್ಟಿಲ್ಲ. ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿಗೊಳಿಸಿದರೆ ಅಥವಾ ಪಟ್ಟಿಯನ್ನು ಬದಲಿಸಿದರೆ ಸಾಕು. ಅಳೆಯದೆ ಹೊಸ ಬ್ಯಾಟರಿ ಖರೀದಿಸಿದ ಮಾಲೀಕರು ಸಾವಿರಾರು ರೂಪಾಯಿ ವ್ಯಯಿಸಿದ ನಂತರವೂ ತೊಂದರೆ ಹಾಗೆಯೇ ಉಳಿದಿರುತ್ತದೆ.

ಹಂತ 6: ಚಾರ್ಜಿಂಗ್ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಟರ್ಮಿನಲ್‌ಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದಲ್ಲಿ ಬೆಲ್ಟ್ ಅಥವಾ ಆಲ್ಟರ್ನೇಟರ್ ಪರಿಶೀಲಿಸಬೇಕು. ಇದನ್ನು ಬಿಟ್ಟಲ್ಲಿ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

6. ಎಂಜಿನ್ನೇ ಬಿಗಿಯಾಗಿರುವ ಸಂದರ್ಭಗಳು

ಕೆಳಕಂಡ ಸಂದರ್ಭಗಳಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯದೆ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು:

• ಮಳೆನೀರು ನಿಂತ ರಸ್ತೆಯಲ್ಲಿ ಕಾರು ನಿಂತುಹೋಗಿದ್ದಲ್ಲಿ. ವೃಷಭಾವತಿ ಕಣಿವೆಗೆ ಹೊಂದಿಕೊಂಡ ಮೈಸೂರು ರಸ್ತೆಯ ಆಸುಪಾಸಿನ ತಗ್ಗು ಪ್ರದೇಶಗಳಲ್ಲಿ ಹಾಗೂ ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಇದು ಸಂಭವನೀಯ. ಗಾಳಿಯ ಕೊಳವೆಯ ಮೂಲಕ ಸಿಲಿಂಡರಿಗೆ ನೀರು ಸೇರಿದ್ದರೆ ಆ ನೀರು ಸಂಕುಚಿತವಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೆಲ್ಫ್ ಒಮ್ಮೆಯೂ ಹೊಡೆಯಬಾರದು.
• ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದಲ್ಲಿ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡಲ್ಲಿ.
• ಆಯಿಲ್ ತೀರಾ ಕಡಿಮೆಯಿದ್ದು ಎಂಜಿನ್ ಅತಿಯಾಗಿ ಬಿಸಿಯಾದ ನಂತರ ಈ ತೊಂದರೆ ಆರಂಭವಾಗಿದ್ದಲ್ಲಿ.
• ಟೈಮಿಂಗ್ ಬೆಲ್ಟ್ ಅಥವಾ ಚೈನ್ ಬದಲಿಸಿದ ಕೂಡಲೇ ತೊಂದರೆ ಕಾಣಿಸಿಕೊಂಡಲ್ಲಿ.

ಬೆಳಿಗ್ಗೆ ಮಾತ್ರ ನಿಧಾನವಾಗಿ ತಿರುಗುವ ಕಾರಿನಲ್ಲಿ ಬ್ಯಾಟರಿ ಅಥವಾ ಅಗತ್ಯಕ್ಕಿಂತ ಗಟ್ಟಿಯಾದ ಎಂಜಿನ್ ಆಯಿಲ್ ಕಾರಣವಿರಬಹುದು. ದೂರ ಓಡಿಸಿ ಬಿಸಿಯಾದಾಗ ಮಾತ್ರ ನಿಧಾನವಾಗುವ ಕಾರಿನಲ್ಲಿ ಸೆಲ್ಫ್ ಮೋಟಾರಿನ ದೋಷದ ಸಾಧ್ಯತೆ ಹೆಚ್ಚು. ಮೆಕ್ಯಾನಿಕ್‌ಗೆ ಈ ವಿವರವನ್ನು ತಿಳಿಸಿದಲ್ಲಿ ಪತ್ತೆ ಕಾರ್ಯ ಸುಲಭವಾಗುತ್ತದೆ.

7. ಮಾಡಬಾರದ ಕೆಲಸಗಳು

• ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಎರಡು ಪ್ರಯತ್ನಗಳ ನಡುವೆ ಕನಿಷ್ಠ 1 ನಿಮಿಷ ಬಿಡುವು ಕೊಡಬೇಕು. ಇಲ್ಲವಾದಲ್ಲಿ ಮೋಟಾರು ಸುಟ್ಟುಹೋಗಬಹುದು.
• ಚಾರ್ಜಿಂಗ್ ಪರೀಕ್ಷಿಸುವ ನೆಪದಲ್ಲಿ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲಾಂಪ್ ತೆಗೆಯಬಾರದು. ಹಳೆಯ ಡೈನಮೋ ಕಾಲದ ಈ ರೂಢಿಯಿಂದ ಇಂದಿನ ಕಾರುಗಳ ಎಲೆಕ್ಟ್ರಾನಿಕ್ ಘಟಕಗಳು ಹಾಳಾಗುತ್ತವೆ.
• ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಮೋಟಾರನ್ನು ನೇರವಾಗಿ ಶಾರ್ಟ್ ಮಾಡಬಾರದು.
• ಬ್ಯಾಟರಿಯ ಬಳಿ ಬೆಂಕಿಕಡ್ಡಿ, ಸಿಗರೇಟು ತರಬಾರದು. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಸ್ಫೋಟಕ ಸ್ವಭಾವದ್ದು.
• ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಯತ್ನಿಸಬಾರದು. ಇಳಿಜಾರಿನ ರಸ್ತೆಯಲ್ಲಿ ಯಾವುದೇ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವುದು ಅಪಾಯಕರ. ಎಂಜಿನ್ ಸ್ಟಾರ್ಟ್ ಆಗುವವರೆಗೆ ಬ್ರೇಕ್ ಭಾರವಾಗಿರುತ್ತದೆ.

8. ಜಂಪರ್ ಕೇಬಲ್ ಬಳಸುವ ಕ್ರಮ

ನೆರೆಯವರ ಕಾರಿನ ನೆರವು ಪಡೆಯುವಾಗ ಎರಡೂ 12 ವೋಲ್ಟ್ ವಾಹನಗಳೆಂದು ಖಚಿತಪಡಿಸಿಕೊಂಡು, ಕೇಬಲ್‌ಗಳನ್ನು ಈ ಅನುಕ್ರಮದಲ್ಲಿ ಜೋಡಿಸಬೇಕು: (1) ಕೆಂಪು ಕೇಬಲ್ ನಿಶ್ಶಕ್ತ ಬ್ಯಾಟರಿಯ ಧನಕ್ಕೆ, (2) ಅದರ ಇನ್ನೊಂದು ತುದಿ ಉತ್ತಮ ಬ್ಯಾಟರಿಯ ಧನಕ್ಕೆ, (3) ಕಪ್ಪು ಕೇಬಲ್ ಉತ್ತಮ ಬ್ಯಾಟರಿಯ ಋಣಕ್ಕೆ, (4) ಅದರ ಇನ್ನೊಂದು ತುದಿ ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ತೆಗೆಯುವಾಗ ಇದರ ಹಿಮ್ಮುಖ ಕ್ರಮ. ಧನ-ಋಣ ಅದಲುಬದಲಾದಲ್ಲಿ ಎರಡೂ ಕಾರುಗಳಿಗೆ ಹಾನಿಯಾಗುತ್ತದೆ. ವಾಹನ ತಯಾರಕರ ಕೈಪಿಡಿಯಲ್ಲಿ ಭಿನ್ನ ಸೂಚನೆ ಇದ್ದಲ್ಲಿ ಅದನ್ನೇ ಪಾಲಿಸಬೇಕು.

ಜಂಪರ್ ಕೇಬಲ್‌ನಿಂದ ಸ್ಟಾರ್ಟ್ ಆದ ಕಾರು ದುರಸ್ತಿಯಾದ ಕಾರಲ್ಲ. ತಪಾಸಣೆಯ ಸ್ಥಳದಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ತಾಳೆ ನೋಡುವ ಸಲುವಾಗಿ ಎಂಜಿನ್ ನಿಲ್ಲಿಸಬೇಕಾಗುತ್ತದೆ. ಪುನಃ ಸ್ಟಾರ್ಟ್ ಆಗದಿದ್ದಲ್ಲಿ ಮಾಲೀಕರಿಗೂ ಸರದಿಯಲ್ಲಿರುವ ಇತರ ಅರ್ಜಿದಾರರಿಗೂ ತೊಂದರೆಯಾಗುತ್ತದೆ.

9. ಹಳೆಯ ಬ್ಯಾಟರಿಯ ವಿಲೇವಾರಿ

ಬ್ಯಾಟರಿ ಬದಲಿಸಲೇಬೇಕಾದಲ್ಲಿ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸಿ, ಅದರ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಡಿತ ಮಾಡಿಸಿಕೊಳ್ಳಬಹುದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಬೆರೆಸುವಂತಿಲ್ಲ. ಅದರಲ್ಲಿ ಸೀಸ ಮತ್ತು ಗಂಧಕಾಮ್ಲ ಇರುತ್ತವೆ.

10. ಅರ್ಜಿದಾರರಿಗೆ ಸೂಚಿತ ವೇಳಾಪಟ್ಟಿ

• ಅವಧಿ ಮುಗಿಯಲು 60 ದಿನ ಇರುವಾಗ: ನೋಂದಣಿ ಪತ್ರದಲ್ಲಿನ ದಿನಾಂಕ ನೋಡುವುದು, ಹಂತ 1ರಿಂದ 3ರವರೆಗಿನ ಪರೀಕ್ಷೆ ಮಾಡಿಸುವುದು, ಅರ್ಜಿ ಸಲ್ಲಿಸುವುದು.
• 45 ದಿನ ಇರುವಾಗ: ದೋಷ ಕಂಡುಬಂದಲ್ಲಿ ದುರಸ್ತಿ ಪೂರ್ಣಗೊಳಿಸಿ, ಹಂತ 6ರ ಚಾರ್ಜಿಂಗ್ ಪರೀಕ್ಷೆ ಮಾಡಿಸುವುದು.
• 30 ದಿನ ಇರುವಾಗ: ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಮತ್ತು ವಿಮೆ ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಂಡು ವಾಹನವನ್ನು ತಪಾಸಣೆಗೆ ಹಾಜರುಪಡಿಸುವುದು.
• ಹಾಜರುಪಡಿಸುವ ಹಿಂದಿನ ದಿನ: ಕಾರನ್ನು ಒಂದು ಗಂಟೆಯಾದರೂ ಓಡಿಸಿ, ನಿಲ್ಲಿಸಿ, ಎರಡು-ಮೂರು ಬಾರಿ ಪುನಃ ಸ್ಟಾರ್ಟ್ ಮಾಡಿ ನೋಡುವುದು.

ಒಟ್ಟಾರೆಯಾಗಿ ಹೇಳುವುದಾದರೆ, ಕಿಲುಬು, ಬ್ಯಾಟರಿ, ಕೇಬಲ್, ಸೆಲ್ಫ್ ಮೋಟಾರು, ಎಂಜಿನ್ ಎಂಬ ಅನುಕ್ರಮದಲ್ಲಿ, ಕಡಿಮೆ ಖರ್ಚಿನ ಸಾಧ್ಯತೆಯಿಂದ ಹೆಚ್ಚು ಖರ್ಚಿನ ಸಾಧ್ಯತೆಯ ಕಡೆಗೆ ಪರೀಕ್ಷಿಸುತ್ತಾ ಹೋಗಬೇಕು. ಅಳೆದು ನೋಡಿದ ನಂತರವೇ ಬಿಡಿಭಾಗ ಕೊಳ್ಳಬೇಕು. ಮೀಟರ್ ಬಳಸಲು ಬಾರದವರು ಆಟೋ ಎಲೆಕ್ಟ್ರಿಷಿಯನ್‌ರಿಂದ ಮೇಲ್ಕಂಡ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಯಾವ ಅಂಕಿಯ ಆಧಾರದ ಮೇಲೆ ಯಾವ ಭಾಗವನ್ನು ಬದಲಿಸಲು ಹೇಳಲಾಗಿದೆ ಎಂದು ಕೇಳಿ ತಿಳಿದುಕೊಳ್ಳಬಹುದು. ಹಾಗೆ ಕೇಳುವುದು ಹಣ ನೀಡುವ ಮಾಲೀಕರ ಹಕ್ಕಾಗಿದೆ.

ವಿ.ಸೂ.: ಅವಧಿ ಈಗಾಗಲೇ ಮುಗಿದಿರುವ ವಾಹನಗಳ ಮಾಲೀಕರು ವಾಹನವನ್ನು ರಸ್ತೆಗಿಳಿಸದೆ, ಮೆಕ್ಯಾನಿಕ್‌ರನ್ನು ವಾಹನ ನಿಂತಿರುವ ಸ್ಥಳಕ್ಕೇ ಕರೆಸಿ ದುರಸ್ತಿ ಮಾಡಿಸಿಕೊಂಡು, ತಪಾಸಣೆಗೆ ವಾಹನ ತರುವ ವಿಧಾನದ ಬಗ್ಗೆ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರದಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

ವಾಹನ ಮಾಲೀಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.